ಧರೆಯ ಬುಡಕ್ಕೆ ಬನ್ನಿ: ಎಂಜಿನಿಯರ್‌ಗಳ ಸಂಸ್ಥೆಗೆ ಮಲೆನಾಡಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಇಂಡಿಯಾ ಸಂಸ್ಥೆಯ ಕರ್ನಾಟಕ ರಾಜ್ಯ ಕೇಂದ್ರದ ಪದಾಧಿಕಾರಿಗಳು,
ಹಾಗೂ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿರುವ ಸಂಸ್ಥೆಯ ಎಲ್ಲ ಸದಸ್ಯರು.

ಮಾನ್ಯರೆ,

ಸೆಪ್ಟೆಂಬರ್ 15 ಬಂತೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ, ಹಿರಿಯ ಎಂಜಿನಿಯರ್‌ಗಳಿಗೆ ಶಾಲು ಹೊದಿಸಿ, ಒಂದು ಉಪನ್ಯಾಸ ಇಟ್ಟುಕೊಳ್ಳುವುದು ನಾಡಿನುದ್ದಕ್ಕೂ ನಡೆದುಬಂದ ಪದ್ಧತಿ. ಅದು ನಡೆಯಲಿ. ಆದರೆ ಹಾಸನ, ಚಿಕ್ಕಮಗಳೂರಿನ ಮಲೆನಾಡು ತಾಲ್ಲೂಕುಗಳ ಮಟ್ಟಿಗೆ ಆ ದಿನ ತೀರಾ ತಡ. ಅಷ್ಟು ಹೊತ್ತಿಗೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳೆಲ್ಲ ಮುಗಿದು, ಬೀಳುವ ಧರೆ (ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ) ಬಿದ್ದು, ಒಡೆಯುವ ತಡೆಗೋಡೆ ಒಡೆದು ಆಗಿರುತ್ತದೆ. ಆಮೇಲೆ ಆಡುವ ಮಾತೆಲ್ಲ ಪರಿಹಾರದ ಲೆಕ್ಕಕ್ಕೆ ಸಂಬಂಧಿಸಿದ್ದು.

ಈ ಎರಡು ಜಿಲ್ಲೆಗಳಲ್ಲಿ ಸಂಸ್ಥೆಯ ವರ್ಷದ ಮುಖ್ಯ ಚಟುವಟಿಕೆ ಫೆಬ್ರುವರಿಯಿಂದ ಮೇ ನಡುವೆ, ಧರೆಯ ಬುಡದಲ್ಲಿ ನಡೆಯಬೇಕು ಎಂಬುದು ನಮ್ಮ ಕೋರಿಕೆ. ಮನೆ, ಅಂಗನವಾಡಿ, ಶಾಲೆ, ತೋಟದ ಕೆಲಸಗಾರರ ಲೈನ್‌ಮನೆ, ಊರ ರಸ್ತೆಗಳ ಬೆನ್ನಿಗಿರುವ ಕಡಿದ ಧರೆಗಳನ್ನೂ ತಡೆಗೋಡೆಗಳನ್ನೂ ಸದಸ್ಯರು ಮಳೆಗೆ ಮೊದಲು ನಡೆದು ನೋಡಬೇಕು, ಅಳೆಯಬೇಕು, ಬರೆದಿಡಬೇಕು. ಹೇಗೆ, ಎಷ್ಟು, ಯಾಕೆ ಎಂಬುದನ್ನು ಕೆಳಗೆ ಬಿಡಿಸಿ ಹೇಳಿದ್ದೇವೆ.

ಸಂಸ್ಥೆಯನ್ನೇ ಕೇಳುತ್ತಿರುವುದಕ್ಕೆ ಕಾರಣವಿದೆ. 1920ರಲ್ಲಿ ಹುಟ್ಟಿ, 1935ರಲ್ಲಿ ರಾಯಲ್ ಚಾರ್ಟರ್ ಪಡೆದ ಈ ಸಂಸ್ಥೆಯಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಗಣಿ, ಕೃಷಿ, ಪರಿಸರ ಎಂದು 15 ವಿಭಾಗಗಳಿವೆ. ಲೋಕೋಪಯೋಗಿಯವರು, ಪಂಚಾಯತ್ ರಾಜ್‌ನವರು, ನೀರಾವರಿಯವರು, ಖಾಸಗಿ ಕನ್ಸಲ್ಟೆಂಟ್‌ಗಳು, ಕಾಲೇಜಿನ ಅಧ್ಯಾಪಕರು ಒಂದೇ ಸದಸ್ಯರ ಪಟ್ಟಿಯಲ್ಲಿ ಸಿಗುವ ಜಾಗ ಬೇರೆ ಹೆಚ್ಚಿಲ್ಲ. ಧರೆಗೆ ಇಲಾಖೆಯ ಗಡಿ ಗೊತ್ತಿಲ್ಲ. ಮೇಲಿನ ರಸ್ತೆ ಒಬ್ಬರದು, ಮೋರಿ ಇನ್ನೊಬ್ಬರದು, ಮನೆ ಮೂರನೆಯವರದು, ನಡುವೆ ಹರಿಯುವ ನೀರು ಯಾರದೂ ಅಲ್ಲ. ಈ ಮೂವರನ್ನೂ ಒಂದೇ ದಿನ ಒಂದೇ ಜಾಗಕ್ಕೆ ಕರೆತರಬಲ್ಲ ಬಳಗ ನಿಮ್ಮದು.

ಮೊದಲು ಮಣ್ಣಿನ ವಿಷಯ. ಸಕಲೇಶಪುರ, ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆ ಧರೆ ಕಡಿದರೆ ಸಾಮಾನ್ಯವಾಗಿ ಮೇಲೆ ಒಂದೆರಡು ಮೀಟರ್ ಕೆಂಪು ಮಣ್ಣು, ಕೆಲವು ಕಡೆ ಅದರಡಿ ಜಂಬಿಟ್ಟಿಗೆಯ ಗಟ್ಟಿ ಪದರ, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು, ಕೊನೆಗೆ ಕೊಳೆತ ಬಂಡೆ ಸಿಗುತ್ತವೆ. ಜಂಬಿಟ್ಟಿಗೆ ನೆಟ್ಟಗೆ ನಿಲ್ಲುತ್ತದೆ. ಶೇಡಿ ಮಣ್ಣು ಬೇಸಿಗೆಯಲ್ಲಿ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಮೋಸ ಆಗುವುದು ಇಲ್ಲೇ. ಒಣ ಶೇಡಿಯ ಸಣ್ಣ ಕಣಗಳ ನಡುವೆ ಇರುವ ತೆಳು ನೀರಿನ ಪೊರೆ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಮಾರ್ಚ್‌ನಲ್ಲಿ ಹಿಟಾಚಿ 5 ಮೀಟರ್ ನೆಟ್ಟಗೆ ಕಡಿದು ಹೋದರೂ ಏನೂ ಆಗುವುದಿಲ್ಲ. ಮನೆಯವರು, ಮೇಸ್ತ್ರಿ, ಕೆಲವೊಮ್ಮೆ ಎಂಜಿನಿಯರ್ ಕೂಡ ‘ಗಟ್ಟಿ ಮಣ್ಣು’ ಎಂದುಕೊಳ್ಳುತ್ತಾರೆ. ಜುಲೈನಲ್ಲಿ ವಾರಗಟ್ಟಲೆ ಬಿಡದೆ ಸುರಿದು ಮಣ್ಣು ಪೂರ್ತಿ ನೆಂದ ದಿನ ಆ ಹಿಡಿತವೇ ಇಲ್ಲವಾಗುತ್ತದೆ. ಮೊದಲ ಮಳೆಗಾಲ ದಾಟಿದ ಧರೆ ಎರಡನೆಯದರಲ್ಲೋ ಐದನೆಯದರಲ್ಲೋ ಬೀಳುವುದಕ್ಕೂ ಇದೇ ಕಾರಣ. ಅಷ್ಟು ಆಳಕ್ಕೆ ನೆನೆಯುವ ಮಳೆ ಎಲ್ಲ ವರ್ಷವೂ ಬರುವುದಿಲ್ಲ. ‘ಹತ್ತು ವರ್ಷದಿಂದ ನಿಂತಿದೆಯಲ್ಲ’ ಎಂಬ ಮಾತನ್ನು ಪುರಾವೆ ಎಂದು ಯಾವ ಎಂಜಿನಿಯರ್ ಕೂಡ ಒಪ್ಪಬಾರದು.

2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ, 2022ರಲ್ಲಿ ಸಕಲೇಶಪುರದ ದೋಣಿಗಾಲ್, 2024ರ ಜುಲೈನಲ್ಲಿ ಶಿರಾಡಿ ದಾರಿಯ ದೊಡ್ಡತಪ್ಪಲೆ ಸುದ್ದಿಯಾದವು, ಯಾಕೆಂದರೆ ಅಲ್ಲಿ ಹೆದ್ದಾರಿ ನಿಂತಿತು. ಮನೆಯ ಹಿಂದೆ ಕುಸಿದು ಅಡುಗೆಮನೆಯ ಗೋಡೆ ಒಳಕ್ಕೆ ತಳ್ಳಿದ ಧರೆಗಳು ಪಂಚಾಯಿತಿಯ ಕಡತ ದಾಟುವುದಿಲ್ಲ. ಹೆದ್ದಾರಿಗೆ ಪ್ರಾಧಿಕಾರವಿದೆ, ಕನ್ಸಲ್ಟೆಂಟ್ ಇದ್ದಾರೆ, ಟೆಂಡರ್ ಇದೆ. ಮನೆಯ ಹಿಂದಿನ ಧರೆಗೆ ಮೇಸ್ತ್ರಿ ಮತ್ತು ಹಿಟಾಚಿ ಆಪರೇಟರ್ ಬಿಟ್ಟರೆ ಯಾರೂ ಇಲ್ಲ. ನಾವು ಕೇಳುತ್ತಿರುವುದು ಈ ಎರಡನೆಯದಕ್ಕಾಗಿ.

ಭೂಕುಸಿತದ ನಕ್ಷೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಾಷ್ಟ್ರೀಯ ನಕ್ಷೆ 1:50,000 ಪ್ರಮಾಣದ್ದು. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಯಾವ ಗುಡ್ಡಸಾಲು ಅಪಾಯದ್ದು ಎಂದು ಅದು ಹೇಳುತ್ತದೆ, ಯಾವ ಮನೆ ಎಂದು ಹೇಳಲು ಸಾಧ್ಯವೇ ಇಲ್ಲ. ಆ 500 ಮೀಟರ್ ಒಳಗೆ ಇಳಿದು ನೋಡುವ ಕೆಲಸ ಸ್ಥಳೀಯ ಎಂಜಿನಿಯರ್‌ಗಳದ್ದೇ.

ಇನ್ನು ತಡೆಗೋಡೆ. ಬಹುಪಾಲು ಗೋಡೆಗಳು ಮಣ್ಣಿನ ಭಾರಕ್ಕೆ ಬೀಳುವುದಿಲ್ಲ, ನೀರಿನ ಭಾರಕ್ಕೆ ಬೀಳುತ್ತವೆ. ಲೆಕ್ಕ ಸರಳ, ಡಿಪ್ಲೊಮಾ ಎರಡನೇ ವರ್ಷದ್ದು. 3 ಮೀಟರ್ ಎತ್ತರದ ಗೋಡೆಯ ಹಿಂದೆ ಘರ್ಷಣಾ ಕೋನ (ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಗುಣದ ಅಳತೆ) 30 ಡಿಗ್ರಿಯ ಮಣ್ಣಿದೆ, ತೂಕ ಘನಮೀಟರಿಗೆ 1.8 ಟನ್ ಎಂದುಕೊಳ್ಳಿ. ನೀರಿಲ್ಲದಾಗ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ತಳ್ಳು ಸುಮಾರು 2.7 ಟನ್. ಅದೇ ಗೋಡೆಯ ಹಿಂದೆ ಮೇಲಿನವರೆಗೆ ನೀರು ನಿಂತರೆ ಮಣ್ಣಿನ ತಳ್ಳು ಒಂದೂವರೆ ಟನ್ನಿಗೆ ಇಳಿಯುತ್ತದೆ, ಆದರೆ ನೀರೊಂದೇ ಸುಮಾರು 4.5 ಟನ್ ತಳ್ಳುತ್ತದೆ. ಒಟ್ಟು 6 ಟನ್ ಹತ್ತಿರ, ಎರಡು ಪಟ್ಟಿಗೂ ಹೆಚ್ಚು.

ಈಗ ನಮ್ಮ ಕಡೆ ರೂಢಿಯಲ್ಲಿರುವ ಸೈಜುಗಲ್ಲಿನ ಗೋಡೆ ನೋಡಿ. ಮೇಲೆ 60 ಸೆಂಟಿಮೀಟರ್, ತಳದಲ್ಲಿ ಒಂದೂವರೆ ಮೀಟರ್ ದಪ್ಪ, ಎತ್ತರ 3 ಮೀಟರ್. ಪ್ರತಿ ಮೀಟರ್ ಉದ್ದಕ್ಕೆ ತೂಕ ಸುಮಾರು 7 ಟನ್. ತಳದ ಘರ್ಷಣೆ 0.5 ಹಿಡಿದರೆ ಜಾರದಂತೆ ಅದು ತಡೆಯಬಲ್ಲದ್ದು 3.5 ಟನ್. 2.7 ಟನ್ನಿನ ಮುಂದೆ ಅದು ನಿಲ್ಲುತ್ತದೆ, ಅದೂ ನಿಯಮ ಕೇಳುವ ಒಂದೂವರೆ ಪಟ್ಟು ಭದ್ರತೆ ಇಲ್ಲದೆ. 6 ಟನ್ನಿನ ಮುಂದೆ ನಿಲ್ಲುವ ಮಾತೇ ಇಲ್ಲ. ಕಲ್ಲು ಎಷ್ಟೇ ಚೆನ್ನಾಗಿರಲಿ, ಗಾರೆ ಎಷ್ಟೇ ಗಟ್ಟಿಯಿರಲಿ, ಹಿಂದೆ ನೀರು ನಿಲ್ಲಲು ಬಿಟ್ಟರೆ ಗೋಡೆ ಹೋಗುತ್ತದೆ. ಗೋಡೆಯನ್ನು ದಪ್ಪ ಮಾಡಲು ಖರ್ಚಾಗುವ ಹಣದ ಸಣ್ಣ ಪಾಲು ನೀರನ್ನು ಹೊರಗೆ ಬಿಡಲು ಸಾಕು. ಆದರೂ ಅಂದಾಜು ಪಟ್ಟಿಗಳಲ್ಲಿ ಗೋಡೆಯ ಘನಮೀಟರ್ ಇರುತ್ತದೆ, ಹಿಂದಿನ ಜಲ್ಲಿಯ ಸಾಲು ಇರುವುದಿಲ್ಲ. ಬಿಲ್ಲಿನಲ್ಲಿ ಇಲ್ಲದ್ದು ಗೋಡೆಯ ಹಿಂದೆಯೂ ಇರುವುದಿಲ್ಲ.

ವೀಪ್ ಹೋಲ್, ಅಂದರೆ ಹಿಂದಿನ ನೀರು ಹೊರಬರಲು ಗೋಡೆಯಲ್ಲಿ ಇಡುವ ಪೈಪಿನ ತೂತು, ಇದೆಯಲ್ಲ ಎನ್ನುತ್ತಾರೆ. ಮುಂದಿನಿಂದ ನೋಡಿದರೆ ಇದೆ. 8 ಮಿಲಿಮೀಟರಿನ ಒಂದು ಕಂಬಿ ತೆಗೆದುಕೊಂಡು ಆ ಪೈಪಿನೊಳಗೆ ತಳ್ಳಿ ನೋಡಿ. ಗೋಡೆಯ ದಪ್ಪದಷ್ಟೂ ಒಳಗೆ ಹೋಗಿ ಜಲ್ಲಿಗೆ ತಗುಲಿ ‘ಕರ್’ ಎಂದು ಸದ್ದಾದರೆ ಸರಿ. ಗೇಣುದ್ದ ಹೋಗಿ ಗಾರೆಗೆ ತಗುಲಿ ನಿಂತರೆ ಅದು ಬರೀ ಅಲಂಕಾರ. ಗೋಡೆ ಕಟ್ಟಿ ಮುಗಿದ ಮೇಲೆ ಮುಂಭಾಗದಲ್ಲಿ ಪೈಪಿನ ತುಂಡು ಸಿಕ್ಕಿಸಿದ್ದಾರೆ ಎಂದೇ ಅರ್ಥ. ಪೂರ್ತಿ ಒಳಗೆ ಹೋಗಿ ಕಂಬಿಯ ತುದಿ ಮೆತ್ತಗಿನ ಮಣ್ಣು ಹತ್ತಿಸಿಕೊಂಡು ಬಂದರೆ ಹಿಂದೆ ಜಲ್ಲಿಯ ಪದರ ಇಲ್ಲ. ಕಡಿದ ಮಣ್ಣನ್ನೇ ವಾಪಸ್ ತುಂಬಿದ್ದಾರೆ. ಕಂಬಿ ಜಲ್ಲಿಗೇ ತಗುಲಿದರೂ ಮಳೆಯಲ್ಲಿ ಒಂದು ಹನಿ ನೀರೂ ಬಾರದಿದ್ದರೆ ಶೇಡಿಯ ನುಣ್ಣನೆ ಕಣಗಳು ಜಲ್ಲಿಯ ಸಂದಿಗೆ ಸೇರಿ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಈ ಪರೀಕ್ಷೆಗೆ ಒಂದು ಕಂಬಿಯ ತುಂಡು, ಒಂದು ನಿಮಿಷ ಸಾಕು. ಜಿಲ್ಲೆಯ ಎಷ್ಟು ಶಾಲೆಗಳ ಹಿಂದೆ ಇದು ನಡೆದಿದೆ ಎಂದು ಸಂಸ್ಥೆ ಕೇಳಿಕೊಳ್ಳಬೇಕು.

ಸರಿಯಾದ ಕ್ರಮ ಎಲ್ಲ ಎಂಜಿನಿಯರ್‌ಗೂ ಗೊತ್ತಿರುವುದೇ, ಆದರೂ ಮೇಸ್ತ್ರಿಗಳ ಕೈಗೆ ತಲುಪಬೇಕಾದ್ದರಿಂದ ಬರೆಯುತ್ತೇವೆ. ಪೈಪು 75ರಿಂದ 100 ಮಿಲಿಮೀಟರ್, ಅಡ್ಡಕ್ಕೂ ಉದ್ದಕ್ಕೂ ಒಂದೂವರೆ ಮೀಟರಿಗೆ ಒಂದರಂತೆ, ಸಾಲಿಂದ ಸಾಲಿಗೆ ಜಾಗ ಬದಲಿಸಿ, ಹೊರಕ್ಕೆ ಇಳಿಜಾರಾಗಿ. ಕೆಳಗಿನ ಸಾಲು ಮುಂದಿನ ನೆಲದಿಂದ ಒಂದು ಗೇಣು ಮೇಲೆ. ಗೋಡೆಯ ಹಿಂದೆ ಕನಿಷ್ಠ 30 ಸೆಂಟಿಮೀಟರ್ ದಪ್ಪಕ್ಕೆ 20–40 ಮಿಲಿಮೀಟರ್ ಜಲ್ಲಿ, ಮಣ್ಣಿಗೂ ಜಲ್ಲಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ, ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆ. ತಳದಲ್ಲಿ ತೂತು ಕೊರೆದ 110 ಮಿಲಿಮೀಟರ್ ಪೈಪು, ಅದರ ಬಾಯಿ ಚರಂಡಿಗೆ. ಜಲ್ಲಿಯ ತುದಿಗೆ, ಮೇಲುಗಡೆ, ಅರ್ಧ ಅಡಿ ಜೇಡಿಮಣ್ಣು ಬಡಿದು ಮುಚ್ಚಬೇಕು, ಇಲ್ಲದಿದ್ದರೆ ಅಂಗಳದ ನೀರೆಲ್ಲ ನೇರ ಅದರೊಳಗೇ ಇಳಿಯುತ್ತದೆ. ಮಲೆನಾಡಿಗೆ ಬಟ್ಟೆ ಬಿಡಲೇಬಾರದು. ಬಯಲುಸೀಮೆಯ ಮರಳು ಮಿಶ್ರಿತ ಮಣ್ಣಿಗೆ ಬರೀ ಜಲ್ಲಿ ಹೇಗೋ ನಡೆದೀತು, ಶೇಡಿಗೆ ನಡೆಯುವುದಿಲ್ಲ.

ಆರ್‌ಸಿಸಿ ಗೋಡೆಗಳ ಕತೆ ಬೇರೆ. ಅಲ್ಲಿ ಪದೇಪದೇ ಕಾಣುವ ತಪ್ಪು ದಪ್ಪ ಕಂಬಿ ಹೊರಮೈಗೆ ಬಂದಿರುವುದು. ಮಣ್ಣು ಗೋಡೆಯನ್ನು ಹೊರಕ್ಕೆ ಬಾಗಿಸುತ್ತದೆ, ಎಳೆತ ಬರುವುದು ಮಣ್ಣಿನ ಕಡೆಯ ಮೈಗೆ. ಮುಖ್ಯ ಕಂಬಿ ಅಲ್ಲಿರಬೇಕು. ಕಂಬಿ ಕಟ್ಟುವವರಿಗೆ ಕಣ್ಣಿಗೆ ಬೀಳುವ ಕಡೆ ಗಟ್ಟಿಯಿರಲಿ ಎನಿಸುವುದು ಸಹಜ. ಕಾಂಕ್ರೀಟ್ ಹಾಕಿದ ಮೇಲೆ ಈ ತಪ್ಪು ಕಾಣುವುದಿಲ್ಲ, ಗೋಡೆ ಬುಡದಲ್ಲಿ ಮುರಿದಾಗಲೇ ಕಾಣುತ್ತದೆ. ಶಟರಿಂಗ್ ಮುಚ್ಚುವ ಮೊದಲು ಒಬ್ಬ ಸದಸ್ಯರು ಬಂದು ಐದು ನಿಮಿಷ ನೋಡಿದರೆ ತಪ್ಪುವ ಅನಾಹುತ ಇದು.

ಕಟ್ಟುವ ಕ್ರಮದಲ್ಲೇ ಆಗುವ ಅಪಾಯವೂ ಇದೆ. 20 ಮೀಟರ್ ಉದ್ದದ ಗೋಡೆಗೆ ಬುಡವನ್ನು ಒಂದೇ ಸಲ ಅಗೆದು ಬಿಡುತ್ತಾರೆ, ಯಂತ್ರದ ಬಾಡಿಗೆ ಉಳಿಯಲಿ ಎಂದು. ಆಮೇಲೆ ಕಲ್ಲು ಬರುವುದು ತಡ, ಕಂಬಿ ಬರುವುದು ತಡ, ಅಷ್ಟರಲ್ಲಿ ಮಳೆ. ಬುಡ ಕೆದಕಿದ ಧರೆ ಕೆಲಸದವರ ಮೇಲೇ ಬೀಳುತ್ತದೆ. 3 ಮೀಟರ್ ಅಗೆದು, ಮುಂದಿನ 3 ಮೀಟರ್ ಬಿಟ್ಟು, ಅದರಾಚೆ 3 ಮೀಟರ್ ಅಗೆದು, ಕಟ್ಟಿ ಹಿಂದೆ ತುಂಬಿಸಿದ ಮೇಲೆ ಬಿಟ್ಟ ಭಾಗಕ್ಕೆ ಬರುವುದು ಸರಿಯಾದ ದಾರಿ. ಮೇ 15ರ ನಂತರ ಬುಡ ಅಗೆಯುವ ಕೆಲಸವನ್ನೇ ಶುರು ಮಾಡಬಾರದು. ಗುತ್ತಿಗೆದಾರರಾಗಿರುವ ಸದಸ್ಯರು ಇದೊಂದನ್ನು ತಮಗೆ ತಾವೇ ನಿಯಮ ಮಾಡಿಕೊಂಡರೆ ಸಾಕಷ್ಟು ಜೀವ ಉಳಿಯುತ್ತದೆ.

ನೀರು ಧರೆಗೆ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಮಳೆ ಒಂದೇ ಅಲ್ಲ. 100 ಚದರ ಮೀಟರಿನ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಜುಲೈನಲ್ಲಿ ಒಂದು ದಿನಕ್ಕೆ ಅಷ್ಟು ಬೀಳುವುದು ನಮ್ಮ ಕಡೆ ದೊಡ್ಡ ಸಂಗತಿಯೇನಲ್ಲ. ಆ ನೀರನ್ನು ಹಿತ್ತಲಿಗೆ, ಅಂದರೆ ಕೆಳಗಿನ ಮನೆಯ ಧರೆಯ ತಲೆಗೆ ಬಿಟ್ಟಿರುವುದು ಎಲ್ಲೆಲ್ಲೂ ಕಾಣುತ್ತದೆ. ಇನ್ನೊಂದು, ಶೌಚಾಲಯದ ಇಂಗುಗುಂಡಿ. ಧರೆಯ ಅಂಚಿನಿಂದ ಎರಡು ಮೀಟರ್ ದೂರದಲ್ಲಿ ತೋಡಿದ ಗುಂಡಿ ವರ್ಷವಿಡೀ ಆ ಧರೆಯನ್ನು ನೆನೆಸುತ್ತಿರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ನೀರು, ಮೇಲಿನ ಟ್ಯಾಂಕಿನ ತುಂಬಿ ಹರಿಯುವ ಪೈಪು, ರಸ್ತೆಯ ಮೋರಿಯ ಬಾಯಿ ಇವೂ ಹಾಗೆಯೇ. ಧರೆಯ ಅಂಚಿನಿಂದ ಮೂರು ನಾಲ್ಕು ಮೀಟರ್ ಹಿಂದೆ ಬಸಿಗಾಲುವೆ ತೆಗೆದರೆ ಒಳ್ಳೆಯದೇ, ಆದರೆ ಅದಕ್ಕೆ ಕಲ್ಲಿನ ಅಥವಾ ಕಾಂಕ್ರೀಟಿನ ತಳ ಇರಲೇಬೇಕು. ತಳವಿಲ್ಲದ ಮಣ್ಣಿನ ಕಾಲುವೆ ನೀರನ್ನು ಸಾಗಿಸುವ ಬದಲು ಅಲ್ಲೇ ಇಂಗಿಸುತ್ತದೆ, ಅದೂ ಬಿರುಕು ಬಿಡುವ ಜಾಗದಲ್ಲೇ.

ಇಷ್ಟು ನೋಡಲು ಏನು ಬೇಕು? 30 ಮೀಟರಿನ ಟೇಪು, ತೂಕದ ಗುಂಡು, ಆ 8 ಮಿಲಿಮೀಟರ್ ಕಂಬಿ, ಇಳಿಜಾರಿನ ಕೋನ ಅಳೆಯುವ ಆಪ್ ಇರುವ ಮೊಬೈಲು, ಎರಡು ಬದಿಯ ಒಂದು ನಮೂನೆ. ತಂಡಕ್ಕೆ ನಾಲ್ವರು: ವಿನ್ಯಾಸ ಬಲ್ಲ ಒಬ್ಬರು, ರಸ್ತೆ ಅಥವಾ ಪಂಚಾಯಿತಿ ಕೆಲಸ ಬಲ್ಲ ಒಬ್ಬರು, ಇಬ್ಬರು ವಿದ್ಯಾರ್ಥಿಗಳು.

ನಮೂನೆಯಲ್ಲಿ ನಾವು ಕೇಳುವುದು ಹೀಗೆ. ಧರೆಯ ಎತ್ತರ, ಕೋನ, ಬುಡದಿಂದ ಮನೆಯ ಹಿಂಗೋಡೆಗೆ ಇರುವ ದೂರ. ಆ ದೂರ ಧರೆಯ ಎತ್ತರಕ್ಕಿಂತ ಕಡಿಮೆಯಿದ್ದರೆ ನಮ್ಮ ಲೆಕ್ಕದಲ್ಲಿ ಅದು ಮೊದಲು ನೋಡಬೇಕಾದ ಮನೆ. ಮಣ್ಣಿನ ಪದರಗಳು ಮೇಲಿಂದ ಕೆಳಕ್ಕೆ, ಶೇಡಿ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ ಎಂಬುದರ ಸಹಿತ. ಬೇಸಿಗೆಯಲ್ಲೂ ಒದ್ದೆಯಿರುವ, ಪಾಚಿ ಅಥವಾ ಜರಿಗಿಡ ಬೆಳೆದಿರುವ ಜಾಗ. ಮಳೆಗಾಲದಲ್ಲಿ ಜಲ (ನೆಲದೊಳಗಿನ ಒರತೆ) ಏಳುವುದು ಅಲ್ಲೇ. ಧರೆಯ ತಲೆಯಲ್ಲಿ ಬಿಲ್ಲಿನಾಕಾರದ ಬಿರುಕು ಇದೆಯೇ, ಉದ್ದ ಎಷ್ಟು, ಕಂಬಿ ಎಷ್ಟು ಆಳಕ್ಕೆ ಇಳಿಯುತ್ತದೆ. ಸಿಲ್ವರ್ ಓಕ್, ವಿದ್ಯುತ್ ಕಂಬ, ಬೇಲಿಗೂಟ ಕೆಳಕ್ಕೆ ವಾಲಿವೆಯೇ. ಗೋಡೆ ಉಬ್ಬಿದೆಯೇ, ತೂಕದ ಗುಂಡು ಹಿಡಿದರೆ ತುದಿ ಎಷ್ಟು ಸೆಂಟಿಮೀಟರ್ ಹೊರಗಿದೆ. ವೀಪ್ ಹೋಲ್ ಎಷ್ಟು, ಕಂಬಿ ಪರೀಕ್ಷೆಯಲ್ಲಿ ಗೆದ್ದದ್ದು ಎಷ್ಟು. ತಾರಸಿ ನೀರು, ಇಂಗುಗುಂಡಿ, ಟ್ಯಾಂಕು, ಮೋರಿ ಎಲ್ಲಿ. ಮೊಬೈಲಿನ ಜಿಪಿಎಸ್ ಗುರುತು, ಎರಡು ಫೋಟೋ. ಒಂದು ಜಾಗಕ್ಕೆ ಮುಕ್ಕಾಲು ಗಂಟೆ ಸಾಕು.

ಬಿರುಕು ಇದ್ದ ಕಡೆ ಅದರ ಎರಡೂ ಬದಿ 10 ಮಿಲಿಮೀಟರಿನ ಎರಡು ಕಂಬಿಗಳನ್ನು ಎರಡಡಿ ಆಳಕ್ಕೆ ಹೊಡೆದು, ನಡುವಿನ ಅಂತರ ಅಳೆದು, ದಿನಾಂಕ ಬರೆದು ಮನೆಯವರ ಕೈಗೆ ಕೊಡಿ. ವಾರಕ್ಕೊಮ್ಮೆ, ಜೋರು ಮಳೆಯ ದಿನ ಬೆಳಿಗ್ಗೆ ಸಂಜೆ ಅವರೇ ಅಳೆಯಬಲ್ಲರು. ಅಂತರ ಹೆಚ್ಚುತ್ತಿದ್ದರೆ, ತಿಳಿನೀರಿನ ಒರತೆ ಇದ್ದಕ್ಕಿದ್ದಂತೆ ಕೆಸರಾದರೆ ಅಥವಾ ಪೂರ್ತಿ ನಿಂತರೆ, ಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳಲು ಶುರುವಾದರೆ ಆ ರಾತ್ರಿ ಅಲ್ಲಿ ಮಲಗಬಾರದು. ಒರತೆ ನಿಂತರೆ ಜನ ಒಳ್ಳೆಯದಾಯಿತು ಎಂದುಕೊಳ್ಳುತ್ತಾರೆ. ನೀರು ಒಳಗೇ ಕಟ್ಟಿಕೊಂಡಿದೆ ಎಂಬುದು ಅದರ ಅರ್ಥ ಇರಬಹುದು. ಇದನ್ನು ಮನೆಯ ಹೆಂಗಸರಿಗೆ, ವಯಸ್ಸಾದವರಿಗೆ ಕೂತು ವಿವರಿಸುವುದೂ ತಂಡದ ಕೆಲಸ; ದಿನವಿಡೀ ಮನೆಯಲ್ಲಿರುವವರು ಅವರೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲೇ ಇವೆ. ಆ ಮಳೆಯ ಅಂಕಿಯನ್ನೂ ಮನೆಯವರು ಬರೆದ ಅಂತರವನ್ನೂ ಅಕ್ಕಪಕ್ಕ ಇಟ್ಟರೆ ಎರಡು ಮೂರು ಮಳೆಗಾಲದಲ್ಲಿ ಈ ಸೀಮೆಯ ಮಣ್ಣು ಎಷ್ಟು ಮಳೆಗೆ ಅಲುಗುತ್ತದೆ ಎಂಬ ನಮ್ಮದೇ ಅಂದಾಜು ಕೈಗೆ ಬರುತ್ತದೆ.

ನೋಡಿ ಬಂದ ಮೇಲೆ ಪ್ರತಿ ಜಾಗಕ್ಕೂ ಕೆಂಪು, ಹಳದಿ, ಹಸಿರು ಎಂದು ಗುರುತು ಹಾಕಿ. ಕೆಂಪು ಬಿದ್ದವುಗಳ ಬಗ್ಗೆ ಅದೇ ದಿನ ಪಿಡಿಒಗೂ ತಹಶೀಲ್ದಾರರಿಗೂ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಬರೆಯಬೇಕು, ಅದರ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೆ ಕಳಿಸಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಒಬ್ಬ ಮನೆಯವನ ಅರ್ಜಿಗೂ ಚಾರ್ಟರ್ಡ್ ಎಂಜಿನಿಯರ್‌ಗಳ ತಂಡದ ಅಳತೆ ಸಹಿತ ವರದಿಗೂ ಕಚೇರಿಯಲ್ಲಿ ಸಿಗುವ ಗಮನ ಒಂದೇ ಅಲ್ಲ. ಹಳದಿಯವಕ್ಕೆ ಮನೆಯವರೇ ಮಾಡಿಕೊಳ್ಳಬಲ್ಲ ಕೆಲಸ ಹೇಳಿ: ವೀಪ್ ಹೋಲ್ ಬಿಡಿಸುವುದು, ತಾರಸಿ ನೀರನ್ನು ಪೈಪಿನಲ್ಲೇ ಚರಂಡಿಗೆ ಇಳಿಸುವುದು, ಇಂಗುಗುಂಡಿ ಜಾಗ ಬದಲಿಸುವುದು, ಬಿರುಕಿಗೆ ಜೇಡಿಮಣ್ಣು ಬಡಿದು ಮೇಲೆ ಟಾರ್ಪಾಲು ಹೊದಿಸುವುದು. ಲಾವಂಚ ನೆಡಬಹುದು, ಆದರೆ ಅದು ಮೇಲ್ಮಣ್ಣು ಕೊಚ್ಚುವುದನ್ನು ತಡೆಯುತ್ತದೆಯೇ ಹೊರತು ಆಳದ ಜಾರಿಕೆಯನ್ನಲ್ಲ ಎಂದು ಸ್ಪಷ್ಟವಾಗಿ ಹೇಳಿ. ಹಸಿರಿನ ಜಾಗಕ್ಕೆ ‘ಸುರಕ್ಷಿತ’ ಎಂಬ ಪದ ಬಳಸಬೇಡಿ. ಕಂಡದ್ದನ್ನು, ಕಂಡ ದಿನಾಂಕವನ್ನು ಮಾತ್ರ ಬರೆಯಿರಿ. ಕಣ್ಣಳತೆಯ ನೋಟಕ್ಕೆ ಅದಕ್ಕಿಂತ ಹೆಚ್ಚಿನ ಮಾತಾಡುವ ಹಕ್ಕಿಲ್ಲ. 6 ಮೀಟರಿಗಿಂತ ಎತ್ತರದ ಧರೆ, ಗುಡ್ಡವೇ ಜಾರುತ್ತಿರುವ ಲಕ್ಷಣ ಕಂಡ ಕಡೆ ಭೂವಿಜ್ಞಾನಿಯನ್ನೂ ಜಿಯೋಟೆಕ್ನಿಕಲ್ ತಜ್ಞರನ್ನೂ ಕರೆಸಬೇಕು, ನಾವು ನೀವು ಊಹೆ ಮಾಡಬಾರದು.

ಇನ್ನು ಸಹಿಯ ಪ್ರಶ್ನೆ. ಇದು ಸ್ವಲ್ಪ ಕಟುವಾಗಬಹುದು. ವಕೀಲರಿಗೆ 1961ರ ಕಾಯ್ದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ. ಎಂಜಿನಿಯರ್ ವೃತ್ತಿಗೆ ಅಂಥ ರಾಷ್ಟ್ರೀಯ ಕಾಯ್ದೆ ಇವತ್ತಿಗೂ ಇಲ್ಲ. ಕಾಯ್ದೆ ಬರುವವರೆಗೆ ನಮ್ಮ ವೃತ್ತಿಗೆ ಇರುವ ಕಡಿವಾಣ ಸಂಸ್ಥೆಯ ನೀತಿಸಂಹಿತೆ ಮತ್ತು ಸದಸ್ಯನ ಆತ್ಮಸಾಕ್ಷಿ ಮಾತ್ರ. ಇಳಿಜಾರಿನ ನಿವೇಶನಕ್ಕೆ ಮನೆಯ ನಕ್ಷೆ ಬರೆಯುವಾಗ ಪ್ಲಾನ್ ಇರುತ್ತದೆ, ಎಲಿವೇಶನ್ ಇರುತ್ತದೆ, ಮನೆಯೊಳಗಿನ ಸೆಕ್ಷನ್ ಇರುತ್ತದೆ. ಮನೆಯ ಹಿಂದಿನ ಧರೆಯ ಸೆಕ್ಷನ್ ಇರುವುದಿಲ್ಲ. ಕಾಗದದ ಮೇಲೆ ನೆಲ ಸಪಾಟಾಗಿರುತ್ತದೆ. ಒಂದೂವರೆ ಮೀಟರಿಗಿಂತ ಆಳಕ್ಕೆ ಕಡಿಯುವ ಯಾವುದೇ ನಿವೇಶನದ ನಕ್ಷೆಗೆ, ಮೂಲ ನೆಲ, ಕಡಿದ ಗೆರೆ, ಧರೆಯ ತಲೆಯಿಂದ ಮೇಲಿನ ಗಡಿಯವರೆಗಿನ ದೂರ, ನೀರು ಹೋಗುವ ದಾರಿ ಇವನ್ನೆಲ್ಲ ತೋರಿಸುವ ಸೆಕ್ಷನ್ ಇಲ್ಲದೆ ಸಹಿ ಹಾಕುವುದಿಲ್ಲ ಎಂದು ಎರಡು ಜಿಲ್ಲೆಗಳ ಸದಸ್ಯರು ಒಟ್ಟಾಗಿ ತೀರ್ಮಾನಿಸಬೇಕು. ಒಬ್ಬರು ತೀರ್ಮಾನಿಸಿದರೆ ಕೆಲಸ ಪಕ್ಕದವರಿಗೆ ಹೋಗುತ್ತದೆ, ಅದಕ್ಕೇ ಎಲ್ಲರೂ ಸೇರಿ ಮಾಡಬೇಕಾದದ್ದು. ನಗರಸಭೆ, ಪುರಸಭೆ, ಪಂಚಾಯಿತಿಗಳು ಆ ಹಾಳೆಯನ್ನು ಕಡ್ಡಾಯ ಮಾಡಲಿ ಎಂದು ಆಮೇಲೆ ಕೇಳಬಹುದು.

ನಿಯಮದ ಪುಸ್ತಕಗಳಿಗೆ ಕೊರತೆಯಿಲ್ಲ. ಗುಡ್ಡಗಾಡಿನ ತಡೆಗೋಡೆಗಳಿಗೆ ಭಾರತೀಯ ಮಾನಕ ಐಎಸ್ 14458, ಭೂಕುಸಿತ ತಡೆಗೆ ಐಎಸ್ 14680, ಗುಡ್ಡದ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಎಸ್‌ಪಿ 48 ಇವೆ. ಭಾರತೀಯ ಮಾನಕ ಬ್ಯೂರೊ (ಬಿಐಎಸ್) ತನ್ನ ಮಾನಕಗಳನ್ನು ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಲೂ ಬಿಟ್ಟಿದೆ. ಆದರೆ ಅವು ಇರುವುದು ಇಂಗ್ಲಿಷಿನಲ್ಲಿ, ಗೋಡೆ ಕಟ್ಟುವವರು ಓದುವುದು ಕನ್ನಡ. ಸಂಸ್ಥೆ ಇದರಲ್ಲಿ ಮೇಸ್ತ್ರಿಗೆ ಬೇಕಾದಷ್ಟನ್ನು ಚಿತ್ರ ಸಹಿತ ಒಂದೇ ಹಾಳೆಗೆ ಇಳಿಸಿ, ಲ್ಯಾಮಿನೇಟ್ ಮಾಡಿಸಿ, ಸಿಮೆಂಟ್ ಅಂಗಡಿಗಳಲ್ಲಿ ಇಡಬೇಕು. ಮಾತಿನ ತರಬೇತಿ ಬೇಡ. ಏಪ್ರಿಲ್‌ನಲ್ಲಿ ಒಂದು ಸರ್ಕಾರಿ ಶಾಲೆಯ ಹಿಂದೆ ನಿಜವಾದ ಹತ್ತು ಮೀಟರ್ ಗೇಬಿಯನ್ ಗೋಡೆ (ತಂತಿಬಲೆಯ ಪೆಟ್ಟಿಗೆಗಳಿಗೆ ಕಲ್ಲು ತುಂಬಿ ಪೇರಿಸಿದ ಗೋಡೆ) ಕಟ್ಟಿ, ತಾಲ್ಲೂಕಿನ ಮೇಸ್ತ್ರಿಗಳನ್ನು ಕೂಲಿ ಕೊಟ್ಟು ಕರೆಸಿ. ತಂತಿಬಲೆಯ ಕಣ್ಣು 100ಕ್ಕೆ 120 ಮಿಲಿಮೀಟರ್ ಇದ್ದರೆ ಕಲ್ಲು 150ರಿಂದ 250 ಇರಬೇಕು, ಮುಂಭಾಗದ ಕಲ್ಲನ್ನು ಕೈಯಲ್ಲೇ ಜೋಡಿಸಬೇಕು, ಪೆಟ್ಟಿಗೆಗೆ ಅಡ್ಡತಂತಿ ಕಟ್ಟದಿದ್ದರೆ ಹೊಟ್ಟೆ ಬರುತ್ತದೆ, ಹಿಂದೆ ಬಟ್ಟೆ ಹಾಕದಿದ್ದರೆ ಮಣ್ಣು ಕಲ್ಲಿನ ನಡುವೆ ಸೋರಿ ಹೋಗುತ್ತದೆ. ಇವೆಲ್ಲ ಕೈಯಲ್ಲಿ ಮಾಡಿ ಕಲಿಯುವ ಸಂಗತಿಗಳು. ಜಲ ಏಳುವ ಶೇಡಿಯ ಧರೆಗೆ ಗಾರೆಯ ಗೋಡೆಗಿಂತ ಗೇಬಿಯನ್ ಎಷ್ಟೋ ಮೇಲು, ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ.

ಮಳೆಗಾಲದ ಕಾಂಕ್ರೀಟಿನ ಬಗ್ಗೆಯೂ ಅದೇ ದಿನ ಒಂದು ಮಾತು ಹೇಳಬಹುದು. ಒಂದು ಮೂಟೆ ಸಿಮೆಂಟಿಗೆ 25 ಲೀಟರ್ ನೀರು ಎಂದು ಲೆಕ್ಕ ಹಾಕಿರುತ್ತೀರಿ. ಮೂಟೆಗೆ ಸುಮಾರು 75 ಕೆ.ಜಿ. ಎಂ-ಸ್ಯಾಂಡ್ ಬೀಳುತ್ತದೆ. ಅದರಲ್ಲಿ ನೂರಕ್ಕೆ 5ರಷ್ಟು ತೇವವಿದ್ದರೆ ಸುಮಾರು 3.75 ಲೀಟರ್ ನೀರು ಮರಳಿನ ಜೊತೆಗೇ ಬಂತು. ಕಳೆಯದಿದ್ದರೆ ನೀರು–ಸಿಮೆಂಟಿನ ಅನುಪಾತ 0.50 ಇದ್ದದ್ದು 0.57 ದಾಟುತ್ತದೆ. ಮಳೆಯಲ್ಲಿ ಹಾಕಿದ ಕಾಂಕ್ರೀಟ್ ಬಲ ಕಳೆದುಕೊಳ್ಳುವುದು ಮೇಲೆ ಬಿದ್ದ ಹನಿಯಿಂದ ಮಾತ್ರವಲ್ಲ, ರಾಶಿಗೆ ಟಾರ್ಪಾಲು ಹೊದಿಸದೇ ಇರುವುದರಿಂದಲೂ.

ವಿದ್ಯಾರ್ಥಿಗಳನ್ನು ತಂಡಕ್ಕೆ ಸೇರಿಸಿ ಎಂದದ್ದು ಸುಮ್ಮನೆ ಅಲ್ಲ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದಲೂ ಇದೆ, ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ಕಾಲೇಜಿದೆ. ಸಿವಿಲ್ ವಿಭಾಗದ ಮಣ್ಣಿನ ಪ್ರಯೋಗಾಲಯದಲ್ಲಿ ಜರಡಿ, ಅಟರ್‌ಬರ್ಗ್ ಮಿತಿ, ಮಣ್ಣು ಜಾರದಂತೆ ಎಷ್ಟು ತಡೆಯುತ್ತದೆ ಎಂದು ಅಳೆಯುವ ಡೈರೆಕ್ಟ್ ಶಿಯರ್ ಪರೀಕ್ಷೆಗಳು ಪಠ್ಯದ ಭಾಗವಾಗಿಯೇ ನಡೆಯುತ್ತವೆ, ಸಾಮಾನ್ಯವಾಗಿ ಎಲ್ಲಿಂದಲೋ ತಂದ ಮಣ್ಣಿನ ಮೇಲೆ. ಆ ಶಿಯರ್ ಪರೀಕ್ಷೆಯನ್ನು ಮೂಡಿಗೆರೆಯ ಶೇಡಿಯ ಮೇಲೆ, ಒಣಗಿದಾಗ ಒಮ್ಮೆ, ಪೂರ್ತಿ ನೆನೆಸಿ ಇನ್ನೊಮ್ಮೆ ಮಾಡಿಸಿ. ಎರಡು ಅಂಕಿಗಳ ನಡುವಿನ ವ್ಯತ್ಯಾಸ ನೋಡಿದ ವಿದ್ಯಾರ್ಥಿ ಮುಂದೆ ನೆಟ್ಟಗೆ ಧರೆ ಕಡಿಯಲು ಒಪ್ಪುವುದಿಲ್ಲ. ಸಂಸ್ಥೆಯ ವಿದ್ಯಾರ್ಥಿ ಘಟಕಗಳೂ, ವಿದ್ಯಾರ್ಥಿಗಳ ಸಂಶೋಧನೆಗೆ ಸಂಸ್ಥೆ ಕೊಡುವ ಅನುದಾನವೂ ಈ ಕೆಲಸಕ್ಕೆ ಹೊಂದುತ್ತವೆ. ಸದಸ್ಯರ ನಿರಂತರ ವೃತ್ತಿ ಕಲಿಕೆಯ ಗಂಟೆಗಳಿಗೂ ಈ ನಡಿಗೆಯನ್ನು ಸೇರಿಸಿಕೊಳ್ಳಿ. ಸಭಾಂಗಣದ ಎರಡು ಗಂಟೆಗೆ ಸಿಗುವ ಮಾನ್ಯತೆ ಧರೆಯ ಬುಡದ ಎಂಟು ಗಂಟೆಗೂ ಸಿಗಬೇಕು.

ಹೊಣೆಗಾರಿಕೆಯ ಭಯ ಇರುತ್ತದೆ, ನಮಗೆ ಗೊತ್ತು. ‘ನೀವು ನೋಡಿ ಹೋದ ಧರೆಯೇ ಬಿತ್ತು’ ಎಂಬ ಮಾತು ಬರಬಹುದು. ಅದಕ್ಕೆ ನಮೂನೆಯ ಮೇಲೆ ಕಂಡದ್ದಷ್ಟೇ ಬರೆಯುವುದು, ಮನೆಯವರ ಸಹಿ ಪಡೆದು ಒಂದು ಪ್ರತಿ ಅವರಿಗೇ ಕೊಡುವುದು, ಜಿಲ್ಲಾಡಳಿತದಿಂದ ಮೊದಲೇ ಲಿಖಿತ ಕೋರಿಕೆ ಪಡೆದಿಟ್ಟುಕೊಳ್ಳುವುದು ಸಾಕಷ್ಟು ರಕ್ಷಣೆ. ನೋಡದೇ ಇದ್ದದ್ದಕ್ಕೆ ಯಾರೂ ನಮ್ಮನ್ನು ಕೋರ್ಟಿಗೆ ಎಳೆಯುವುದಿಲ್ಲ ಎಂಬುದು ನಿಜ. ಆದರೆ ಆ ಕಾರಣಕ್ಕೆ ನೋಡದೇ ಇರುವುದು ವೃತ್ತಿಗೆ ತಕ್ಕ ನಡತೆಯಲ್ಲ.

ಮೊದಲ ವರ್ಷ ಸಣ್ಣದಾಗಿ ಶುರುವಾಗಲಿ: ಸಕಲೇಶಪುರ ಮತ್ತು ಮೂಡಿಗೆರೆ, ಎರಡೇ ತಾಲ್ಲೂಕು, ಸರ್ಕಾರಿ ಶಾಲೆ ಮತ್ತು ಅಂಗನವಾಡಿಗಳು ಮಾತ್ರ. ಜನವರಿ ಕೊನೆಯೊಳಗೆ ಕ್ಷೇತ್ರ ಶಿಕ್ಷಣಾಧಿಕಾರಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳಿಂದ ಧರೆಯ ಪಕ್ಕದ ಕಟ್ಟಡಗಳ ಪಟ್ಟಿ ಪಡೆಯುವುದು, ಫೆಬ್ರುವರಿ, ಮಾರ್ಚ್‌ನಲ್ಲಿ ಭಾನುವಾರಗಳಂದು ನಡಿಗೆ, ಏಪ್ರಿಲ್ ಮೊದಲ ವಾರ ವರದಿ, ಏಪ್ರಿಲ್–ಮೇ ದುರಸ್ತಿ, ಜೂನ್ ಮೊದಲ ವಾರ ಕೆಂಪು ಗುರುತಿನ ಜಾಗಗಳಿಗೆ ಎರಡನೇ ಭೇಟಿ. ನಮೂನೆಯ ಕರಡನ್ನು ನಾವು ಸಿದ್ಧಪಡಿಸಿಕೊಡುತ್ತೇವೆ. ಅದನ್ನು ತಿದ್ದಿ ನಿಮ್ಮದಾಗಿ ಮಾಡಿಕೊಳ್ಳಿ. ಈ ಕಾರ್ಯಕ್ರಮಕ್ಕೆ ಜಿಲ್ಲೆಗೊಬ್ಬರಂತೆ ಇಬ್ಬರು ಸಂಚಾಲಕರನ್ನು ಹೆಸರಿಸಿ ಡಿಸೆಂಬರ್ ಒಳಗೆ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕಟ್ಟಡ, ರಸ್ತೆ ಕೆಲಸದಲ್ಲಿರುವ ಸಿವಿಲ್ ಎಂಜಿನಿಯರ್‌ಗಳು